ತೊರಕೆಗಳ ಮರಳುದಿಬ್ಬಕ್ಕೆ ಸಣ್ಣ ಗುಂಪಿನ ದೋಣಿ

ಗ್ರ್ಯಾಂಡ್ ಕೇಮನ್ ದ್ವೀಪದ ಉತ್ತರ ಬದಿಯಲ್ಲಿ ನಾರ್ತ್ ಸೌಂಡ್ ಎಂಬ ಅಗಲವಾದ, ಆಳವಿಲ್ಲದ ಕೊಲ್ಲಿಯಿದೆ. ಅದರ ಬಾಯಿಗೆ ಅಡ್ಡವಾಗಿ ಹವಳದ ದಿಬ್ಬ ಹಬ್ಬಿಕೊಂಡು ತೆರೆಗಡಲಿನ ಅಲೆಗಳನ್ನು ಹೊರಗೇ ತಡೆಯುತ್ತದೆ. ದಿಬ್ಬದ ಒಳಮಗ್ಗುಲಲ್ಲಿ ಸೊಂಟದ ಮಟ್ಟದ ನೀರು, ಅದರಡಿ ಬಿಳಿ ಮರಳು. ಅಲ್ಲಿಗೆ ದಿನವೂ ಹತ್ತಾರು ಸ್ಟಿಂಗ್‌ರೇ ಮೀನುಗಳು ಬಂದು ಸೇರುತ್ತವೆ. ನಮ್ಮ ಕರಾವಳಿಯಲ್ಲಿ ತೊರಕೆ ಎಂದು ಕರೆಯುವ ಮೀನಿನ ಬಳಗದವೇ ಇವು. ಮಯಾಮಿ, ಫೋರ್ಟ್ ಲಾಡರ್‌ಡೇಲ್, ಟ್ಯಾಂಪಾ, ಗ್ಯಾಲ್ವೆಸ್ಟನ್ ಬಂದರುಗಳಿಂದ ಹೊರಟು ಪಶ್ಚಿಮ ಕೆರಿಬಿಯನ್ ಸುತ್ತುವ ಕ್ರೂಸ್ ಹಡಗುಗಳು ಈ ದ್ವೀಪದ ರಾಜಧಾನಿ ಜಾರ್ಜ್‌ಟೌನ್ ಎದುರು ಒಂದು ಹಗಲು ನಿಲ್ಲುತ್ತವೆ. ಆ ಹಗಲಿನಲ್ಲಿ ಪ್ರಯಾಣಿಕರು ಕೈಗೊಳ್ಳುವ ವಿಹಾರಗಳಲ್ಲಿ ಅತಿ ಹೆಸರಾದದ್ದು ಈ ಮರಳುದಿಬ್ಬದ ಭೇಟಿ, ಜೊತೆಗೆ ಹವಳದ ನಡುವೆ ಒಂದು ಸುತ್ತು ಸ್ನಾರ್ಕ್ಲಿಂಗ್.

ಮೀನುಗಳು ಅಲ್ಲಿ ಸೇರಲು ಕಾರಣ ಮನುಷ್ಯರೇ. ಹಿಂದೆ ಮೀನುಗಾರರು ದಡಕ್ಕೆ ಮರಳುವ ಮುನ್ನ ಹವಳದಿಬ್ಬದ ಮರೆಯ ಈ ಶಾಂತ ನೀರಿನಲ್ಲಿ ದೋಣಿ ನಿಲ್ಲಿಸಿ ಮೀನು, ಶಂಖ ಸ್ವಚ್ಛ ಮಾಡುತ್ತಿದ್ದರು. ಕರುಳು, ಚೂರುಗಳು ನೀರಿಗೆ ಬೀಳುತ್ತಿದ್ದವು. ವಾಸನೆ ಹಿಡಿದು ತೊರಕೆಗಳು ಬರತೊಡಗಿದವು. ಕ್ರಮೇಣ ದೋಣಿಯ ಎಂಜಿನ್ ಸದ್ದೆಂದರೆ ಆಹಾರ ಎಂಬುದು ಅವುಗಳಿಗೆ ರೂಢಿಯಾಯಿತು. 1980ರ ದಶಕದ ನಡುಭಾಗದಲ್ಲಿ ಅಲ್ಲಿನ ಡೈವಿಂಗ್ ಮಾರ್ಗದರ್ಶಕರು ಕೈಯಿಂದಲೇ ತಿನ್ನಿಸಲು ಆರಂಭಿಸಿದರು. ಅಮೆರಿಕದ ಡೈವಿಂಗ್ ಪತ್ರಿಕೆಗಳಲ್ಲಿ ಸುದ್ದಿ ಬಂದದ್ದೇ ತಡ, ಸ್ಟಿಂಗ್‌ರೇ ಸಿಟಿ ಎಂಬ ಹೆಸರು ಜಗತ್ತಿಗೆಲ್ಲ ಹಬ್ಬಿತು. ವಾಸ್ತವದಲ್ಲಿ ಆ ಹೆಸರಿನ ಮೂಲ ಜಾಗ ಸುಮಾರು ಹನ್ನೆರಡು ಅಡಿ ಆಳವಿದ್ದು, ಡೈವಿಂಗ್ ಬಲ್ಲವರು ಇಳಿಯುವಂಥದು. ಹಡಗಿನ ಪ್ರವಾಸಿಗರು ಹೋಗುವುದು ಅದೇ ಕೊಲ್ಲಿಯ ಬೇರೊಂದು ಭಾಗಕ್ಕೆ. ಅದನ್ನು ಸ್ಯಾಂಡ್‌ಬಾರ್ ಎನ್ನುತ್ತಾರೆ. ಕಾಯ್ದಿರಿಸುವಾಗ ಎರಡಕ್ಕೂ ಒಂದೇ ಹೆಸರು ಬಳಕೆಯಲ್ಲಿರುವುದರಿಂದ, ಈಜು ಬಾರದವರು ತಾವು ಹೋಗುವುದು ಮರಳುದಿಬ್ಬಕ್ಕೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ವಿಹಾರವನ್ನು ಆರಿಸುವ ಮೊದಲು ಆ ಪ್ರಾಣಿಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಯಾವ ದೋಣಿ ಒಳ್ಳೆಯದು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇಲ್ಲಿನದು ದಕ್ಷಿಣದ ಸ್ಟಿಂಗ್‌ರೇ. ವೈಜ್ಞಾನಿಕ ಹೆಸರು ಹೈಪಾನಸ್ ಅಮೆರಿಕಾನಸ್. ಹೆಣ್ಣು ದೊಡ್ಡದು, ರೆಕ್ಕೆಯಿಂದ ರೆಕ್ಕೆಗೆ ಒಂದೂವರೆ ಮೀಟರ್‌ವರೆಗೆ ಅಗಲವಾಗಬಲ್ಲದು. ಗಂಡು ಅದರ ಅರ್ಧದಷ್ಟೂ ಇರುವುದಿಲ್ಲ. ಮರಳುದಿಬ್ಬಕ್ಕೆ ಬರುವವುಗಳಲ್ಲಿ ಹೆಚ್ಚಿನವು ಹೆಣ್ಣುಗಳೇ. ಮೊಟ್ಟೆ ತಾಯಿಯ ಒಡಲಲ್ಲೇ ಒಡೆದು ಮರಿಗಳು ಜೀವಂತವಾಗಿ ಹುಟ್ಟುತ್ತವೆ. ಒಂದು ಸೂಲಿಗೆ ಕೆಲವೇ ಮರಿಗಳು. ಹೀಗಾಗಿ ಈ ಮೀನಿನ ಸಂಖ್ಯೆ ಒಮ್ಮೆ ಕುಸಿದರೆ ಮೇಲೇಳುವುದು ನಿಧಾನ. ಕಣ್ಣುಗಳು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕೆಳಗೆ. ತಾನು ತಿನ್ನುವುದನ್ನು ಅದು ನೋಡಲಾರದು. ವಾಸನೆಯಿಂದಲೂ, ಮರಳಿನಡಿ ಅಡಗಿದ ಜೀವಿಗಳ ಮೈಯಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಗ್ರಹಿಸುವ ಅಂಗಗಳಿಂದಲೂ ಬೇಟೆಯನ್ನು ಪತ್ತೆಹಚ್ಚುತ್ತದೆ. ಚೂಪಾದ ಕೋರೆಹಲ್ಲುಗಳಿಲ್ಲ, ಏಡಿ, ಚಿಪ್ಪುಜೀವಿಗಳನ್ನು ಅರೆಯಲು ಚಪ್ಪಟೆ ಫಲಕದಂಥ ಹಲ್ಲುಗಳಿವೆ. ಬೆರಳನ್ನು ಆಹಾರವೆಂದು ಬಗೆದು ಹೀರಿಕೊಂಡರೆ ಚರ್ಮದ ಮೇಲೆ ಕೆಂಪು ಗುರುತು ಉಳಿಯುವಷ್ಟು ಸೆಳೆತ ಅದರ ಬಾಯಿಗಿದೆ. ತಿನ್ನಿಸಲು ಕೊಡುವ ಸ್ಕ್ವಿಡ್ ತುಂಡನ್ನು ಬೆರಳ ತುದಿಯಲ್ಲಿ ಹಿಡಿಯದೆ, ಹೆಬ್ಬೆರಳನ್ನು ಒಳಗೆ ಮಡಚಿದ ಮುಷ್ಟಿಯಲ್ಲಿಟ್ಟು ನೀರಿನಡಿ ಚಾಚಬೇಕು ಎಂದು ಮಾರ್ಗದರ್ಶಕರು ಹೇಳುವುದು ಇದಕ್ಕೇ.

ಬಾಲದಲ್ಲಿ ಗರಗಸದ ಹಲ್ಲಿನಂಥ ಅಂಚುಳ್ಳ ಮುಳ್ಳಿದೆ, ಅದರ ಹೊದಿಕೆಯಲ್ಲಿ ವಿಷವಿದೆ. ಮುಳ್ಳಿರುವುದು ರಕ್ಷಣೆಗೆ, ದಾಳಿಗಲ್ಲ. ಸುತ್ತಿಗೆ ತಲೆಯ ಶಾರ್ಕ್ ಅದರ ಹಳೆಯ ಶತ್ರು. ಮನುಷ್ಯನಿಗೆ ಗಾಯವಾಗುವುದು ಬಹುತೇಕ ಮರಳಲ್ಲಿ ಹುದುಗಿ ಕುಳಿತ ಮೀನಿನ ಮೇಲೆ ಕಾಲಿಟ್ಟಾಗ ಅಥವಾ ಅದನ್ನು ಬಿಗಿಯಾಗಿ ಹಿಡಿದಾಗ. 2006ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವನ್ಯಜೀವಿ ನಿರೂಪಕ ಸ್ಟೀವ್ ಇರ್ವಿನ್ ಸಾವಿಗೀಡಾದ ಬಳಿಕ ಸ್ಟಿಂಗ್‌ರೇ ಎಂದರೆ ಭಯ ಹುಟ್ಟಿಕೊಂಡಿತು. ಅದು ಬೇರೆ ಜಾತಿಯ ದೊಡ್ಡ ಮೀನು, ಮುಳ್ಳು ಎದೆಯನ್ನು ಚುಚ್ಚಿತ್ತು, ಅಂಥದು ಅತ್ಯಪರೂಪ. ಆದರೂ ಮರಳುದಿಬ್ಬದಲ್ಲಿ ಪಾದವನ್ನು ಎತ್ತಿಡದೆ ನೆಲಕ್ಕೆ ಉಜ್ಜುತ್ತ ಸರಿಯುವುದು ಕಡ್ಡಾಯವೆಂದೇ ತಿಳಿಯಬೇಕು. ಕಂಪನ ತಿಳಿದ ಮೀನು ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಇಷ್ಟು ತಿಳಿದರೆ ಗುಂಪಿನ ಗಾತ್ರ ಏಕೆ ಮುಖ್ಯ ಎಂಬುದು ತಾನೇ ಸ್ಪಷ್ಟವಾಗುತ್ತದೆ. ಹಡಗಿನ ಮೇಲೆಯೇ ಮಾರುವ ಸಾಮಾನ್ಯ ವಿಹಾರಗಳು ಹೆಚ್ಚಾಗಿ ದೊಡ್ಡ ಕಟಮರಾನ್‌ಗಳಲ್ಲಿ ನಡೆಯುತ್ತವೆ. ಒಂದೊಂದರಲ್ಲಿ ಐವತ್ತು, ಅರವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಜನ. ಮರಳುದಿಬ್ಬದಲ್ಲಿ ಸಿಗುವ ಸಮಯ ಮುಕ್ಕಾಲು ಗಂಟೆಯ ಆಸುಪಾಸು. ಅಷ್ಟು ಜನ ಒಂದೆರಡು ಏಣಿಗಳಲ್ಲಿ ಇಳಿದು, ಒಂದೇ ಮೀನಿನ ಸುತ್ತ ಫೋಟೋಕ್ಕಾಗಿ ಸಾಲುನಿಂತು, ಮತ್ತೆ ಅದೇ ಏಣಿ ಹತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ನೀರಿನಲ್ಲಿ ನಿಂತ ಇಬ್ಬರು ಮೂವರು ಸಿಬ್ಬಂದಿ ಅರವತ್ತು ಜನರ ಪಾದಗಳನ್ನು ಗಮನಿಸಲಾರರು. ಹತ್ತು ಹದಿನೈದು ಜನರ ದೋಣಿಯಲ್ಲಿ ಮಾರ್ಗದರ್ಶಕನಿಗೆ ಪ್ರತಿಯೊಬ್ಬರ ಹೆಸರೂ ನೆನಪಿರುತ್ತದೆ, ಯಾರು ಹೆದರಿದ್ದಾರೆ, ಯಾರಿಗೆ ಈಜು ಬಾರದು ಎಂಬುದೂ ತಿಳಿದಿರುತ್ತದೆ. ಸಣ್ಣ ಗುಂಪಿಗೆ ಕೊಡುವ ಹೆಚ್ಚಿನ ಹಣ ಐಷಾರಾಮಕ್ಕಲ್ಲ. ನೀರಿನಲ್ಲಿ ಕಳೆಯುವ ನಿಮಿಷಗಳಿಗೆ ಮತ್ತು ಗಮನವಿಡುವ ಕಣ್ಣುಗಳಿಗೆ ಆ ಹಣ ಸಲ್ಲಬೇಕು. ಆ ಎರಡು ಸಿಗದಿದ್ದರೆ ದುಬಾರಿ ಟಿಕೆಟ್ ಕೊಂಡೂ ಪ್ರಯೋಜನವಿಲ್ಲ.

ಸಣ್ಣ ಗುಂಪು ಎಂಬ ಮಾತಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬರಿಗೆ ಅದು ಎಂಟು ಜನ, ಇನ್ನೊಬ್ಬರಿಗೆ ನಲವತ್ತು. ಕೆಲವೆಡೆ ಬಸ್ಸಿನಲ್ಲಿ ಸಣ್ಣ ಗುಂಪಾಗಿ ಕರೆದೊಯ್ದು ಬಂದರಿನಲ್ಲಿ ಬೇರೆ ಗುಂಪುಗಳೊಂದಿಗೆ ಒಂದೇ ದೋಣಿಗೆ ಹತ್ತಿಸುವುದೂ ಉಂಟು. ಆದ್ದರಿಂದ ಕೇಳಬೇಕಾದದ್ದು ನೇರವಾಗಿ: ದೋಣಿಯಲ್ಲಿ ಗರಿಷ್ಠ ಎಷ್ಟು ಪ್ರಯಾಣಿಕರು, ಪ್ರಯಾಣಿಕರ ಜೊತೆ ನೀರಿಗೆ ಇಳಿಯುವ ಸಿಬ್ಬಂದಿ ಎಷ್ಟು, ದಿಬ್ಬದಲ್ಲಿ ನಿಲ್ಲುವ ನಿಮಿಷಗಳೆಷ್ಟು, ಹವಳದ ಬಳಿ ಎಷ್ಟು. ಒಟ್ಟು ವಿಹಾರ ನಾಲ್ಕು ಗಂಟೆ ಎಂಬ ಉತ್ತರ ಸಾಲದು. ಜಾರ್ಜ್‌ಟೌನಿನಿಂದ ನಾರ್ತ್ ಸೌಂಡಿನ ದೋಣಿಕಟ್ಟೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ಕೊಲ್ಲಿಯನ್ನು ದಾಟಿ, ಮತ್ತೆ ಹಿಂದಿರುಗುವುದರಲ್ಲೇ ಆ ಹೊತ್ತಿನ ದೊಡ್ಡ ಪಾಲು ಕಳೆದಿರುತ್ತದೆ. ಬೆಲೆ ಹೇಳುವಾಗ ಯಾವ ಡಾಲರ್ ಎಂಬುದನ್ನೂ ಕೇಳಬೇಕು. ಕೇಮನ್ ಡಾಲರಿನ ಬೆಲೆ ಅಮೆರಿಕದ 1.20 ಡಾಲರಿಗೆ ನಿಗದಿಯಾಗಿದೆ. ಅಗ್ಗವಾಗಿ ಕಂಡ ಟಿಕೆಟ್ ಹಣ ಪಾವತಿಸುವಾಗ ಐದನೇ ಒಂದು ಪಾಲು ಹೆಚ್ಚಬಹುದು.

ಸಣ್ಣ ದೋಣಿಗೆ ತನ್ನದೇ ಕೊರತೆಗಳಿವೆ, ಅವನ್ನು ಮುಚ್ಚಿಡಬಾರದು. ಗಾಳಿ ಎದ್ದ ದಿನ ಅದು ಹೆಚ್ಚು ತೂಗಾಡುತ್ತದೆ. ನೆರಳು ಕಡಿಮೆ. ಶೌಚಾಲಯ ಇಲ್ಲದಿರಬಹುದು, ಉಪ್ಪುನೀರು ತೊಳೆದುಕೊಳ್ಳಲು ಸಿಹಿನೀರಿನ ಷವರ್ ಇಲ್ಲದಿರಬಹುದು. ಏಣಿ ಕಿರಿದಾಗಿ ಕಡಿದಾಗಿರಬಹುದು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಊರಿನಿಂದ ಬಂದ ತಂದೆತಾಯಿಯನ್ನು ಕ್ರೂಸ್‌ಗೆ ಕರೆದೊಯ್ಯುವುದು ಈಗ ಸಾಮಾನ್ಯ. ಮಂಡಿನೋವಿನ ಅಮ್ಮ, ಮಧುಮೇಹದ ಅಪ್ಪ ಜೊತೆಗಿದ್ದರೆ ಏಣಿ ಮತ್ತು ಶೌಚಾಲಯದ ಪ್ರಶ್ನೆ ಗುಂಪಿನ ಗಾತ್ರಕ್ಕಿಂತ ಮುಖ್ಯವಾದೀತು. ಅಂಥ ಕುಟುಂಬಕ್ಕೆ ಅಗಲ ಮೆಟ್ಟಿಲು, ಹಿಡಿಕಂಬಿ, ಶೌಚಾಲಯ ಇರುವ ಮಧ್ಯಮ ಗಾತ್ರದ ದೋಣಿಯೇ ಸರಿ. ಏಳೆಂಟು ಜನರಿದ್ದರೆ ಇಡೀ ದೋಣಿಯನ್ನೇ ಗೊತ್ತುಮಾಡಿಕೊಳ್ಳುವ ಲೆಕ್ಕವನ್ನೂ ಹಾಕಿನೋಡಬೇಕು. ತಲಾ ಟಿಕೆಟಿನ ಒಟ್ಟು ಮೊತ್ತಕ್ಕೂ ಅದಕ್ಕೂ ಅಂತರ ಕೆಲವೊಮ್ಮೆ ಕಡಿಮೆ, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ಕುಟುಂಬದ ಕೈಯಲ್ಲಿರುತ್ತದೆ.

ಇನ್ನೊಂದು ಮಾತು ಜಾಹೀರಾತುಗಳಲ್ಲಿ ಕಾಣುವುದಿಲ್ಲ. ದೋಣಿ ಸಣ್ಣದಾದರೆ ಮರಳುದಿಬ್ಬದ ಗದ್ದಲ ಕಡಿಮೆಯಾಗುವುದಿಲ್ಲ. ಹತ್ತು ಜನರ ದೋಣಿಯಲ್ಲಿ ಹೋದವರೂ ನಿಲ್ಲುವುದು ಅದೇ ನೀರಿನಲ್ಲಿ, ನಾಲ್ಕೈದು ದೊಡ್ಡ ದೋಣಿಗಳ ಪಕ್ಕದಲ್ಲಿ. ಒಂದೇ ದಿನ ಹಲವು ಹಡಗುಗಳು ನಿಂತರೆ ಬೆಳಗಿನ ನಡುಹೊತ್ತಿನಲ್ಲಿ ಅಲ್ಲಿ ನೂರಾರು ಜನ. ಸಣ್ಣ ದೋಣಿಯ ನಿಜವಾದ ಲಾಭ ಅದು ಹೊತ್ತನ್ನು ಆರಿಸಿಕೊಳ್ಳಬಲ್ಲದು ಎಂಬುದರಲ್ಲಿದೆ. ದೊಡ್ಡ ಗುಂಪುಗಳು ಬರುವ ಮುಂಚೆ, ಇಲ್ಲವೇ ಅವು ಮರಳಿದ ಮೇಲೆ ದಿಬ್ಬ ಮುಟ್ಟುವ, ಅಥವಾ ಮೊದಲು ಹವಳದ ಕಡೆಗೆ ಹೋಗಿ ಗದ್ದಲ ಇಳಿದ ಮೇಲೆ ಬರುವ ದೋಣಿಯೇ ಬೆಲೆಗೆ ತಕ್ಕದ್ದು. ಯಾವ ದಿನ ಎಷ್ಟು ಹಡಗುಗಳು ಬರುತ್ತವೆ ಎಂಬ ವೇಳಾಪಟ್ಟಿಯನ್ನು ಕೇಮನ್ ಬಂದರು ಪ್ರಾಧಿಕಾರ ಮುಂಚಿತವಾಗಿ ಪ್ರಕಟಿಸುತ್ತದೆ. ಅದನ್ನು ನೋಡಿ ವಿಹಾರದ ಹೊತ್ತನ್ನು ಗೊತ್ತುಮಾಡಿದವರಿಗೆ ಸಿಗುವ ಅನುಭವವೇ ಬೇರೆ: ತಿಳಿನೀರು, ಬೆರಳೆಣಿಕೆಯ ಜನ, ಕಾಲಿನ ಪಕ್ಕದಿಂದ ನಿರಾತಂಕವಾಗಿ ತೇಲಿಹೋಗುವ ಮೀನು. ತಡವಾಗಿ ಹೋದರೆ ಇನ್ನೊಂದು ಸಂಗತಿಯೂ ಇದೆ: ಬೆಳಗಿನಿಂದ ತಿಂದು ತಣಿದ ತೊರಕೆಗಳು ಸ್ಕ್ವಿಡ್‌ಗೆ ಅಷ್ಟು ಆತುರ ತೋರಲಿಕ್ಕಿಲ್ಲ. ಮುಟ್ಟುವುದಕ್ಕಿಂತ ನೋಡುವುದೇ ಇಷ್ಟವಾದವರಿಗೆ ಇದು ನಷ್ಟವಲ್ಲ.

ಹಡಗಿನ ಮೂಲಕ ಕಾಯ್ದಿರಿಸಬೇಕೋ ಹೊರಗಿನ ದೋಣಿಯವರನ್ನು ನೇರವಾಗಿ ಸಂಪರ್ಕಿಸಬೇಕೋ ಎಂಬುದು ಎಲ್ಲ ಕ್ರೂಸ್ ಪ್ರಯಾಣಿಕರ ಮುಖ್ಯ ಚಿಂತೆ. ಜಾರ್ಜ್‌ಟೌನಿನಲ್ಲಿ ಈ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ. ಅಲ್ಲಿ ದೊಡ್ಡ ಹಡಗು ಬಂದು ತಾಗುವ ಕಟ್ಟೆಯೇ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಪ್ರಯಾಣಿಕರು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡ ಸೇರುತ್ತಾರೆ. ಕಟ್ಟೆ ಕಟ್ಟಬೇಕೆಂಬ ಪ್ರಸ್ತಾಪವನ್ನು ದ್ವೀಪದ ಮತದಾರರು 2025ರ ಏಪ್ರಿಲ್‌ನಲ್ಲಿ ಜನಮತಗಣನೆಯಲ್ಲಿ ತಳ್ಳಿಹಾಕಿದರು. ಹವಳಕ್ಕೆ ಹಾನಿಯಾಗುತ್ತದೆಂಬ ಆತಂಕ ವಿರೋಧಕ್ಕಿದ್ದ ಮುಖ್ಯ ಕಾರಣಗಳಲ್ಲೊಂದು. ಹೀಗಾಗಿ ಟೆಂಡರ್ ಸರದಿ ಇನ್ನೂ ಬಹಳ ಕಾಲ ಇರುವಂಥದ್ದೇ. ಹಡಗಿನ ವಿಹಾರ ಕೊಂಡವರನ್ನು ಸಾಮಾನ್ಯವಾಗಿ ಮೊದಲ ಟೆಂಡರ್‌ಗಳಲ್ಲಿ ಇಳಿಸುತ್ತಾರೆ. ಉಳಿದವರು ಸರದಿಯ ಚೀಟಿ ಹಿಡಿದು ಕಾಯಬೇಕು. ಹೊರಗಿನವರ ಜೊತೆ ಬೆಳಿಗ್ಗೆ ಎಂಟಕ್ಕೆ ಹೊರಡುವ ವಿಹಾರ ಗೊತ್ತುಮಾಡಿದವರು ಆ ಸರದಿಯಲ್ಲಿ ಸಿಕ್ಕಿಹಾಕಿಕೊಂಡರೆ ದೋಣಿ ತಪ್ಪೀತು. ಹಡಗು ತಲುಪುವ ವೇಳೆಗೂ ವಿಹಾರ ಆರಂಭಕ್ಕೂ ನಡುವೆ ಕನಿಷ್ಠ ಒಂದೂವರೆ ಗಂಟೆ ಬಿಡುವುದು ವಿವೇಕ.

ಹಿಂದಿರುಗುವಾಗಿನ ಲೆಕ್ಕ ಇನ್ನೂ ಗಂಭೀರ. ಹಡಗೇ ಮಾರಿದ ವಿಹಾರ ತಡವಾದರೆ ಹಡಗಿನ ಕಂಪನಿ ಹೊಣೆ ಹೊರುತ್ತದೆ, ಸಾಮಾನ್ಯವಾಗಿ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರು ಕಡೆಯ ಟೆಂಡರ್ ತಪ್ಪಿಸಿಕೊಂಡರೆ ಮುಂದಿನ ಬಂದರಿಗೆ ತಮ್ಮ ಖರ್ಚಿನಲ್ಲೇ ವಿಮಾನ ಹಿಡಿಯಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ದೇಶದ ವೀಸಾ ನಿಯಮವೂ ಅಡ್ಡ ಬರಬಹುದು. ಕಡೆಯ ಟೆಂಡರ್ ಹೊರಡುವುದು ಹಡಗು ಹೊರಡುವ ವೇಳೆಗಿಂತ ಸಾಕಷ್ಟು ಮೊದಲು ಎಂಬುದನ್ನು ಮರೆಯುವಂತಿಲ್ಲ. ಇದರ ಮೇಲೆ ಗಡಿಯಾರದ ತೊಡಕು ಬೇರೆ. ಕೇಮನ್ ದ್ವೀಪಗಳು ವರ್ಷವಿಡೀ ಒಂದೇ ಸಮಯ ಪಾಲಿಸುತ್ತವೆ. ಅಮೆರಿಕದಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆ ತಿಂಗಳುಗಳಲ್ಲಿ ಫ್ಲಾರಿಡಾದಿಂದ ಹೊರಟ ಹಡಗು ತನ್ನ ಊರಿನ ಸಮಯವನ್ನೇ ಇಟ್ಟುಕೊಂಡಿದ್ದರೆ ಹಡಗಿನಲ್ಲಿ ಮೂರು ಗಂಟೆಯಾದಾಗ ದ್ವೀಪದಲ್ಲಿ ಎರಡು. ದಡದಲ್ಲಿ ಫೋನ್ ತಾನಾಗಿ ದ್ವೀಪದ ಸಮಯಕ್ಕೆ ಹೊರಳಿಕೊಂಡರೆ, ಅದನ್ನೇ ನಂಬಿದವರು ಇನ್ನೂ ಒಂದು ಗಂಟೆ ಇದೆಯೆಂದು ತಿಳಿದು ಹಡಗನ್ನೇ ಕಳೆದುಕೊಳ್ಳುತ್ತಾರೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳುವುದು, ದೋಣಿಯವರು ಹೇಳಿದ ವೇಳೆ ಯಾವ ಗಡಿಯಾರದ್ದು ಎಂದು ಕೇಳುವುದು, ಈ ಎರಡು ಸರಳ ಎಚ್ಚರಿಕೆಗಳು ದೊಡ್ಡ ಸಂಕಟವನ್ನು ತಪ್ಪಿಸುತ್ತವೆ.

ಹವಾಮಾನದ ಮಾತೂ ಒಪ್ಪಂದದಲ್ಲಿರಬೇಕು. ಚಳಿಗಾಲದಲ್ಲಿ ಉತ್ತರ ಅಮೆರಿಕದ ಶೀತಮಾರುತಗಳು ವಾಯವ್ಯದ ಬಿರುಗಾಳಿಯನ್ನು ಹೊತ್ತು ಬಂದರೆ ಜಾರ್ಜ್‌ಟೌನಿನೆದುರು ಟೆಂಡರ್ ಓಡಿಸಲಾಗುವುದಿಲ್ಲ. ಆಗ ಹಡಗು ದ್ವೀಪದ ದಕ್ಷಿಣದ ಸ್ಪಾಟ್ಸ್ ಎಂಬಲ್ಲಿ ಜನರನ್ನು ಇಳಿಸಬಹುದು, ಇಲ್ಲವೇ ನಿಲ್ಲದೆ ಮುಂದೆ ಸಾಗಬಹುದು. ಹಡಗಿನ ವಿಹಾರದ ಹಣ ಆಗ ತಾನಾಗಿ ಮರಳುತ್ತದೆ. ಹೊರಗಿನವರಲ್ಲಿ ಹಡಗು ಬಾರದಿದ್ದರೆ ಹಣ ಪೂರ್ತಿ ವಾಪಸ್ ಎಂಬ ಷರತ್ತು ಲಿಖಿತವಾಗಿ ಇದೆಯೇ, ಸ್ಪಾಟ್ಸ್‌ನಲ್ಲಿ ಇಳಿದರೆ ಅಲ್ಲಿಂದ ಕರೆದೊಯ್ಯುತ್ತಾರೆಯೇ ಎಂದು ಕೇಳಬೇಕು. ಅನುಭವಸ್ಥ ದೋಣಿಯವರು ಈ ಎರಡಕ್ಕೂ ತಡವರಿಸದೆ ಉತ್ತರಿಸುತ್ತಾರೆ.

ವಿಹಾರದ ಎರಡನೆಯ ಭಾಗ ಸ್ನಾರ್ಕ್ಲಿಂಗ್. ಹೆಚ್ಚಿನ ದೋಣಿಗಳು ಹವಳದಿಬ್ಬದ ಒಳಬದಿಯ ಕೋರಲ್ ಗಾರ್ಡನ್ಸ್ ಎಂಬ ಜಾಗದಲ್ಲಿ ನಿಲ್ಲುತ್ತವೆ. ಮರಳುದಿಬ್ಬದಂತೆ ಇಲ್ಲಿ ಕಾಲೂರಿ ನಿಲ್ಲಲಾಗದು. ನೀರು ಆಳುದ್ದಕ್ಕಿಂತ ಹೆಚ್ಚು. ಎಲ್ಲಿ ಕಾಲಿಗೆ ಏನಾದರೂ ಸಿಗುತ್ತದೋ ಅಲ್ಲಿ ಅದು ಹವಳ, ಅದರ ಮೇಲೆ ನಿಲ್ಲುವಂತಿಲ್ಲ. ಗಿಳಿಮೀನು, ನೀಲಿ ಟ್ಯಾಂಗ್, ಪಟ್ಟೆಪಟ್ಟೆಯ ಸಾರ್ಜೆಂಟ್ ಮೇಜರ್, ಹಳದಿ ಬಾಲದ ಸ್ನ್ಯಾಪರ್, ಅಲೆಯ ಲಯಕ್ಕೆ ಬಾಗುವ ಬೀಸಣಿಗೆ ಹವಳ, ಎಲ್ಲ ಕೈಯಳತೆಯಲ್ಲೇ ಕಾಣುತ್ತವೆ. ಆದರೆ ಜಾಹೀರಾತಿನ ಬಣ್ಣಗಳನ್ನೇ ನಿರೀಕ್ಷಿಸಿ ಹೋದವರಿಗೆ ನಿರಾಶೆಯಾದೀತು. 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಗಟ್ಟಿಹವಳಗಳ ಅಂಗಾಂಶ ಕಳಚುವ ರೋಗ 2020ರಲ್ಲಿ ಗ್ರ್ಯಾಂಡ್ ಕೇಮನ್‌ಗೆ ತಲುಪಿ ಬಹಳಷ್ಟು ಹವಳವನ್ನು ಕೊಂದಿತು. 2023ರ ಬೇಸಿಗೆಯಲ್ಲಿ ಇಡೀ ಕೆರಿಬಿಯನ್ ಕಡಲು ವಿಪರೀತ ಕಾದು, ಬದುಕಿದ್ದ ಹವಳಗಳೂ ಬಿಳಿಚಿಕೊಂಡವು. ಉಳಿದಿರುವುದನ್ನು ಉಳಿಸುವ ಕೆಲಸದಲ್ಲಿ ಪ್ರವಾಸಿಗನ ಪಾಲು ಸಣ್ಣದು, ಆದರೂ ಇದೆ: ಕಾಲಿಡದಿರುವುದು, ಮುಟ್ಟದಿರುವುದು, ಲಂಗರನ್ನು ಹವಳದ ಮೇಲೆ ಎಸೆಯದೆ ನೆಲೆಯಾದ ತೇಲುಬುರುಡೆಗೆ (ಬೋಯ್) ಕಟ್ಟುವ ದೋಣಿಯನ್ನು ಆರಿಸುವುದು. ಬಿಸಿಲಿಗೆ ಮೈತುಂಬ ಕ್ರೀಮ್ ಬಳಿಯುವ ಬದಲು ಉದ್ದ ತೋಳಿನ ಈಜು ಅಂಗಿ ತೊಡುವುದು ಚರ್ಮಕ್ಕೂ ಹವಳಕ್ಕೂ ಒಳ್ಳೆಯದು.

ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಒಮ್ಮೆ ಮಾಸ್ಕ್ ಹಾಕಿ ನೀರಿಗಿಳಿದವರಿಗೆ ಇಲ್ಲಿ ಹೊಸತೇನಿಲ್ಲ. ಮೊದಲ ಬಾರಿ ಇಳಿಯುವವರು ಮಾತ್ರ ಹಡಗಿನ ಈಜುಕೊಳದಲ್ಲಿ ಅಥವಾ ಮರಳುದಿಬ್ಬದ ಸೊಂಟದಾಳದ ನೀರಿನಲ್ಲಿ ಹತ್ತು ನಿಮಿಷ ಬಾಯಿಂದ ಉಸಿರಾಡಿ ಅಭ್ಯಾಸ ಮಾಡಿಕೊಳ್ಳಬೇಕು. ಮೀಸೆ ದಟ್ಟವಾಗಿದ್ದರೆ ಮಾಸ್ಕಿನ ಅಂಚು ಸರಿಯಾಗಿ ಕೂರದೆ ನೀರು ನುಗ್ಗುತ್ತದೆ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ಮೊದಲೇ ಕೇಳಿದರೆ ಕೆಲವು ದೋಣಿಯವರು ತಂದಿಡುತ್ತಾರೆ. ಹೃದಯದ ತೊಂದರೆ, ಅಧಿಕ ರಕ್ತದೊತ್ತಡ, ಆಸ್ತಮಾ ಇರುವ ಹಿರಿಯರ ವಿಷಯದಲ್ಲಿ ಸಂಕೋಚ ಬೇಡ. ನೀರಿನ ಒತ್ತಡ, ಕೊಳವೆಯ ಮೂಲಕ ಎಳೆಯುವ ಉಸಿರಿನ ಶ್ರಮ, ಗಾಬರಿ, ಇವು ಮೂರೂ ಕೂಡಿ ಹೃದಯಕ್ಕೆ ಭಾರವಾಗುತ್ತವೆ. ಸ್ನಾರ್ಕ್ಲಿಂಗ್‌ನಲ್ಲಿ ಸಾವಿಗೀಡಾಗುವವರಲ್ಲಿ ಮಧ್ಯವಯಸ್ಸು ದಾಟಿದ ಪ್ರವಾಸಿಗರು ಗಣನೀಯ ಸಂಖ್ಯೆಯಲ್ಲಿದ್ದಾರೆ, ಆ ಸಾವುಗಳು ಹೆಚ್ಚಾಗಿ ಸದ್ದಿಲ್ಲದೆ ಸಂಭವಿಸುತ್ತವೆ. ಮುಖ ಕೆಳಗೆ ಮಾಡಿ ತೇಲುವವನು ಮೀನು ನೋಡುತ್ತಿದ್ದಾನೋ ಪ್ರಜ್ಞೆ ತಪ್ಪಿದ್ದಾನೋ ದೂರದಿಂದ ತಿಳಿಯದು. ಸಣ್ಣ ಗುಂಪಿನ ಬೆಲೆ ಅತಿ ಹೆಚ್ಚು ಸಾರ್ಥಕವಾಗುವುದು ಈ ಗಳಿಗೆಯಲ್ಲೇ. ಹತ್ತು ಜನರ ಮೇಲೆ ಒಬ್ಬನ ಕಣ್ಣು ನೀರಿನಲ್ಲೂ ಇನ್ನೊಬ್ಬನ ಕಣ್ಣು ದೋಣಿಯ ಮೇಲಿಂದಲೂ ಇರಬೇಕು. ಈಜು ಬಲ್ಲವರೂ ಸೇರಿ ಎಲ್ಲರಿಗೂ ತೇಲುವ ಜಾಕೆಟ್ ಕೊಡುವ, ಇಬ್ಬಿಬ್ಬರನ್ನು ಜೋಡಿ ಮಾಡಿ ಇಳಿಸುವ ದೋಣಿ ಒಳ್ಳೆಯ ದೋಣಿ.

ಇನ್ನು ತೊರಕೆಗಳ ಪಾಲಿಗೆ ಈ ಭೇಟಿ ಏನು? ಇದು ಕೇಳಲೇಬೇಕಾದ ಪ್ರಶ್ನೆ, ಉತ್ತರ ಅಷ್ಟು ಹಿತವಾದುದಲ್ಲ. ಸಹಜ ಸ್ಥಿತಿಯಲ್ಲಿ ಈ ಮೀನು ಒಂಟಿಯಾಗಿ, ಮುಖ್ಯವಾಗಿ ರಾತ್ರಿ ಸಂಚರಿಸಿ ಆಹಾರ ಹುಡುಕುತ್ತದೆ. ಮರಳುದಿಬ್ಬದ ಮೀನುಗಳು ಹಗಲಿನ ಜೀವಿಗಳಾಗಿವೆ, ಸಣ್ಣ ಜಾಗದಲ್ಲೇ ಸುತ್ತುತ್ತವೆ, ಗುಂಪಾಗಿ ಬಾಳುತ್ತವೆ ಎಂಬುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೆನಡಾದ ಸಂಶೋಧಕಿ ಕ್ರಿಸ್ಟಿನಾ ಸೆಮೆನಿಯುಕ್ ಮತ್ತು ಸಂಗಡಿಗರು ಅದಕ್ಕೂ ಮೊದಲು ನಡೆಸಿದ ಅಧ್ಯಯನಗಳಲ್ಲಿ ಪ್ರವಾಸಿಗರ ಜಾಗದ ಮೀನುಗಳಲ್ಲಿ ಪರಾವಲಂಬಿಗಳ ಕಾಟ, ಪರಸ್ಪರ ಕಚ್ಚಿದ ಗುರುತುಗಳು, ದೋಣಿಯಿಂದಾದ ಗಾಯಗಳು ಹೆಚ್ಚಿದ್ದವು. ರಕ್ತಪರೀಕ್ಷೆ ಕೂಡ ಆರೋಗ್ಯ ಕುಂದಿರುವುದನ್ನು ಸೂಚಿಸಿತು. ನೂರರ ಆಸುಪಾಸಿನಲ್ಲಿದ್ದ ಮೀನುಗಳ ಸಂಖ್ಯೆ 2012ರ ಹೊತ್ತಿಗೆ ಅರವತ್ತರ ಸುತ್ತ ಇಳಿದಾಗ ದ್ವೀಪ ಬೆಚ್ಚಿಬಿತ್ತು. ಮರುವರ್ಷ ಕಾನೂನನ್ನು ತಿದ್ದಿ ಕೇಮನ್ ನೀರಿನಲ್ಲೆಲ್ಲ ಸ್ಟಿಂಗ್‌ರೇಗಳನ್ನು ಸಂರಕ್ಷಿತ ಜೀವಿಗಳನ್ನಾಗಿ ಮಾಡಲಾಯಿತು. ನಂತರದ ಗಣತಿಗಳಲ್ಲಿ ಸಂಖ್ಯೆ ಚೇತರಿಸಿಕೊಂಡಿತು. ಪ್ರವಾಸೋದ್ಯಮವೇ ಅವುಗಳಿಗೆ ತೊಂದರೆ, ಅದೇ ಪ್ರವಾಸೋದ್ಯಮ ಅವುಗಳಿಗೆ ಕಾನೂನಿನ ರಕ್ಷೆಯನ್ನೂ ತಂದಿತು, ಎರಡೂ ನಿಜ.

ಆ ಜಾಗವನ್ನು ಸರಕಾರ ವನ್ಯಜೀವಿ ಸಂಪರ್ಕ ವಲಯವೆಂದು ಗುರುತಿಸಿ ನಿಯಮಗಳನ್ನು ಮಾಡಿದೆ. ಮೀನನ್ನು ನೀರಿನಿಂದ ಮೇಲೆತ್ತುವಂತಿಲ್ಲ. ಆಳವಿಲ್ಲದಲ್ಲಿ ಚಪ್ಪಲಿ, ಬೂಟು, ಈಜುರೆಕ್ಕೆ ತೊಟ್ಟು ನಿಲ್ಲುವಂತಿಲ್ಲ. ಒಪ್ಪಿತ ಆಹಾರ ಬಿಟ್ಟು ಬೇರೇನನ್ನೂ ತಿನ್ನಿಸುವಂತಿಲ್ಲ. ದೋಣಿಗಳಿಗೆ ಪರವಾನಗಿ ಬೇಕು. ಹೀಗಿದ್ದೂ ಪ್ರವಾಸಿಗನ ಹೆಗಲ ಮೇಲೆ ಮೀನನ್ನು ಹೊರಿಸಿ, ಅರ್ಧ ಮೈಯನ್ನು ಗಾಳಿಗೆತ್ತಿ ಫೋಟೋ ತೆಗೆಯುವುದು ನಡೆದೇ ಇದೆ. ಮೀನಿಗೆ ಮುತ್ತಿಟ್ಟರೆ ಏಳು ವರ್ಷ ಅದೃಷ್ಟ ಎಂಬ ಮಾತು ದೋಣಿಯಿಂದ ದೋಣಿಗೆ ಹರಿದಾಡುತ್ತದೆ. ತೊರಕೆಯ ಮೈಮೇಲೆ ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದ ಹಾಗೆ ಜಾರುವ ಲೋಳೆಯಿದೆ. ಸೋಂಕನ್ನು ತಡೆಯುವ ಅದರ ಕವಚ ಅದೇ. ಒಂದು ದಿನದಲ್ಲಿ ನೂರಾರು ಕೈಗಳು ಉಜ್ಜಿದರೆ ಆ ಕವಚ ಸವೆಯುತ್ತದೆ. ಅಂಗೈಯನ್ನು ನೀರಿನಡಿ ಅಲುಗದೆ ಹಿಡಿದರೆ ಮೀನೇ ಅದರ ಮೇಲಿಂದ ಜಾರಿ ಸಾಗುತ್ತದೆ, ಆ ಮೃದು ಸ್ಪರ್ಶ ಸಾಕು. ಕೆಲವು ವಿಹಾರಗಳಲ್ಲಿ ಮೂರನೆಯ ನಿಲ್ದಾಣವಾಗಿರುವ ಸ್ಟಾರ್‌ಫಿಶ್ ಪಾಯಿಂಟ್‌ನಲ್ಲೂ ಇದೇ ಮಾತು. ನಕ್ಷತ್ರಮೀನನ್ನು ಫೋಟೋಕ್ಕಾಗಿ ನೀರಿನಿಂದ ತೆಗೆದರೆ ಅದಕ್ಕೆ ಪ್ರಾಣಾಪಾಯ.

ಅಪರೂಪಕ್ಕೆ ಮುಳ್ಳು ಚುಚ್ಚಿದರೆ ಏನು ಮಾಡಬೇಕೆಂಬುದನ್ನು ದೋಣಿಯ ಸಿಬ್ಬಂದಿ ತಿಳಿದಿರಬೇಕು, ಪ್ರಯಾಣಿಕರೂ ತಿಳಿದಿದ್ದರೆ ಒಳ್ಳೆಯದು. ವಿಷ ಪ್ರೋಟೀನ್ ಆದ್ದರಿಂದ ಬಿಸಿಗೆ ಕೆಡುತ್ತದೆ. ಗಾಯವನ್ನು ತಡೆದುಕೊಳ್ಳಬಲ್ಲಷ್ಟು ಬಿಸಿನೀರಿನಲ್ಲಿ, ಅಂದರೆ ಸುಮಾರು 40ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಮುಳ್ಳಿನ ಚೂರು ಒಳಗೇ ಉಳಿದು ಸೋಂಕಾಗಬಲ್ಲದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ್ದರೆ ಮುಳ್ಳನ್ನು ಕೀಳದೆ ನೇರ ಆಸ್ಪತ್ರೆಗೆ ಒಯ್ಯಬೇಕು.

ತೊರಕೆಗಳನ್ನು ನೋಡಲು ಕೇಮನ್ ಒಂದೇ ಜಾಗವಲ್ಲ. ಆಂಟಿಗುವಾ, ಬಹಾಮಾಸ್‌ನ ಬಿಮಿನಿ, ಗ್ರ್ಯಾಂಡ್ ಟರ್ಕ್ ಬಳಿಯ ಗಿಬ್ಸ್ ಕೇ, ಬೆಲೀಜ್‌ನ ಹೋಲ್ ಚಾನ್ ಸಂರಕ್ಷಿತ ವಲಯದ ಶಾರ್ಕ್ ರೇ ಆಲಿ ಕೂಡ ಇಂಥ ವಿಹಾರಗಳಿಗೆ ಹೆಸರಾಗಿವೆ. ಬೆಲೀಜ್‌ನದು ಹಡಗು ನಿಲ್ಲುವಲ್ಲಿಂದ ದೂರ, ದಿನದ ಹೆಚ್ಚು ಭಾಗ ಪ್ರಯಾಣಕ್ಕೇ ಹೋಗುತ್ತದೆ. ಬೇರೆ ಕೆಲವೆಡೆ ಬೇಲಿ ಹಾಕಿದ ಮಡುವಿನಲ್ಲಿ ಮುಳ್ಳು ಕತ್ತರಿಸಿದ ಸ್ಟಿಂಗ್‌ರೇಗಳನ್ನು ಇಟ್ಟಿರುತ್ತಾರೆ. ಅದು ಪುಟ್ಟ ಮಕ್ಕಳಿಗೆ ಹೆಚ್ಚು ಸುರಕ್ಷಿತವೆಂದು ತೋರಬಹುದು, ಆದರೆ ಅಲ್ಲಿನ ಮೀನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲ. ಮರಳುದಿಬ್ಬದ ತೊರಕೆ ಬೇಸರವಾದರೆ ಹೊರಟುಹೋಗಬಲ್ಲದು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ತೆರೆದ ನೀರೇ ಮೇಲು.

ಕಾಯ್ದಿರಿಸುವವರು ಕೊನೆಗೆ ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಲಿ: ನಿಮ್ಮ ಸಿಬ್ಬಂದಿ ಮೀನನ್ನು ನೀರಿನಿಂದ ಮೇಲೆತ್ತುತ್ತಾರೆಯೇ? ಇಲ್ಲ ಎಂದು ಸ್ಪಷ್ಟವಾಗಿ ಬರೆದು ಕೊಡುವ ದೋಣಿಗೆ ಹಣ ಕೊಡಿ. ಫೋಟೋ ಚೆನ್ನಾಗಿ ಬರಲು ಎತ್ತಿ ಹಿಡಿಯುತ್ತೇವೆ ಎಂದರೆ, ಅದರಲ್ಲಿ ಆರೇ ಜನರಿದ್ದರೂ ಆ ದೋಣಿ ಬೇಡ.